ಅಪ್‌ಡೇಟ್: ಸ್ಟೀಮ್ ಎಂಜಿನ್ ಸಿಲಿಂಡರಿನ ನೀರು ಈಗ ತಾನಾಗಿ ಇಳಿಯುತ್ತಿದೆ

ಪೆರ್ಲದ ನನ್ನ ಶೆಡ್ಡಿನಲ್ಲಿರುವ ಸಣ್ಣ ಸ್ಟೀಮ್ ಎಂಜಿನ್ ಶುರುವಾಗುವಾಗ ಟಕ್ ಟಕ್ ಬಡಿಯುತ್ತದೆ, ಪ್ರತಿ ಸಲ ಡ್ರೈನ್ ಕಾಕ್ (ಸಿಲಿಂಡರಿನ ನೀರು ಬಿಡುವ ನಲ್ಲಿ) ಕೈಯಲ್ಲಿ ತಿರುಗಿಸದೆ ನೀರು ತೆಗೆಯಲು ಆಗುತ್ತದಾ ಎಂದು ಹೋದ ತಿಂಗಳು ಕೇಳಿದ್ದೆ. ಆಗುತ್ತದೆ!

ಬಡಿತಕ್ಕೆ ಕಾರಣ ಆಗ ನೀವು ಉತ್ತರದಲ್ಲಿ ಹೇಳಿದ್ದೇ. ತಣ್ಣಗಿನ ಕಬ್ಬಿಣಕ್ಕೆ ತಾಗಿದ ಹಬೆ ನೀರಾಗುತ್ತದೆ, ನೀರು ಹಬೆಯ ಹಾಗೆ ಕುಗ್ಗುವುದಿಲ್ಲ. ಪಿಸ್ಟನ್ ತುದಿಗೆ ಬರುವಾಗ ನೀರು ಸಿಕ್ಕಿಬಿದ್ದರೆ ಮುಚ್ಚಳ ಒಡೆಯಬಹುದು, ರಾಡ್ ಬಗ್ಗಬಹುದು. ಹಬೆಯನ್ನು ಒಳಬಿಡುವ ವಾಲ್ವ್ ಚಪ್ಪಟೆಯ ಸ್ಲೈಡ್ ವಾಲ್ವ್ ಆಗಿದ್ದರೆ ತುಸು ಎದ್ದು ನೀರಿಗೆ ದಾರಿ ಬಿಡುತ್ತಿತ್ತು. ನನ್ನದು ಉರುಳೆಯಂಥ ಪಿಸ್ಟನ್ ವಾಲ್ವ್, ಅದು ಏಳುವುದೇ ಇಲ್ಲ.

ಉಪ್ಪಳದ ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಎರಡು ಡ್ರೈನ್ ವಾಲ್ವ್ ಮಾಡಿಸಿ ಸಿಲಿಂಡರಿನ ಎರಡೂ ತುದಿಯ ಅಡಿಗೆ ಕೂರಿಸಿದೆ. ಒಳಗೆ 5 ಮಿ.ಮೀ. ಸ್ಟೀಲ್ ಗುಂಡು, ಅದನ್ನು ಸೀಟಿನಿಂದ (ಗುಂಡು ಕೂತು ಮುಚ್ಚುವ ಬಾಯಿಯಿಂದ) ದೂರ ಹಿಡಿಯುವ ತೆಳು ಸ್ಪ್ರಿಂಗ್. ಒತ್ತಡ ಇಲ್ಲದಾಗ ಬಾಯಿ ತೆರೆದಿದ್ದು ನೀರು ಇಳಿಯುತ್ತದೆ, ಹಬೆ ತುಂಬಿದಾಗ ಗುಂಡು ಸೀಟಿಗೆ ಒತ್ತಿಕೊಳ್ಳುತ್ತದೆ. ಮೊದಲಿನ ಸ್ಪ್ರಿಂಗ್ ಗಟ್ಟಿಯಾಗಿ ಹಬೆಯೆಲ್ಲ ಪೋಲಾಯಿತು, ಎರಡು ಸುತ್ತು ಕತ್ತರಿಸಿದ ಮೇಲೆ ಸರಿಹೋಯಿತು.

ಭಾನುವಾರ ಬೆಳಿಗ್ಗೆ ಓಡಿಸಿದೆ. ಎಣ್ಣೆ ಬೆರೆತ ಬೂದು ನೀರು ಚಿರ್ರೆಂದು ಹಾರಿತು, ಆಮೇಲೆ ಬರೀ ಹನಿ, ಬಡಿತ ಇಲ್ಲವೇ ಇಲ್ಲ. ಎಷ್ಟು ಖುಷಿಯಾಯಿತೆಂದು ಹೇಳಲಾರೆ.

ಒಂದು ಎಚ್ಚರಿಕೆ: ಒಮ್ಮೆಲೇ ತುಂಬಾ ನೀರು ಬಂದರೆ ಆ ಒತ್ತಡಕ್ಕೂ ಗುಂಡು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಹಳೆಯ ಕಾಕ್ ತೆಗೆದಿಲ್ಲ, ಸಿಲಿಂಡರ್ ಬಿಸಿಯಾಗುವವರೆಗೆ ಹಬೆಯನ್ನು ನಿಧಾನಕ್ಕೇ ಬಿಡುತ್ತೇನೆ. ಮುಂದೆ ಒತ್ತಡ ಮಿತಿಮೀರಿದರೆ ತಾನಾಗಿ ತೆರೆಯುವ ರಿಲೀಫ್ ವಾಲ್ವ್ ಕೂಡ ಹಾಕಿಸುತ್ತೇನೆ.