‘ಕಾಮನ್ಸ್’ ಪದಕ್ಕೆ ‘ಸಾರ್ವಜನಿಕ ಆಸ್ತಿ’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ. ಗ್ರಾಮಸಭೆಯ ಸದಸ್ಯರು ಓದಲಿ ಎಂದು ಸಣ್ಣ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಊರಿನ ಕೆರೆ, ಕಾಡು, ಹುಲ್ಲುಗಾವಲನ್ನು ಊರಿನವರೇ ನೋಡಿಕೊಳ್ಳುವುದು ಹೇಗೆ ಅನ್ನುವುದು ಅದರ ವಿಷಯ. ಹೀಗೆ ಹಲವರು ಒಟ್ಟಾಗಿ ಬಳಸುವ ನೆಲ, ನೀರು, ಕಾಡಿಗೆ ಇಂಗ್ಲಿಷಿನಲ್ಲಿ ಹೇಳುವ ‘ಕಾಮನ್ಸ್’ ಎಂಬ ಪದ ಪುಟಕ್ಕೆ ನಾಲ್ಕು ಸಲ ಬರುತ್ತದೆ. ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಸಾಮಾನ್ಯವಾಗಿ ಎಲ್ಲರೂ ಬರೆಯುವುದು ‘ಸಾರ್ವಜನಿಕ ಆಸ್ತಿ’ ಅಂತ. ನನಗೆ ಅದು ಸರಿ ಅನ್ನಿಸುತ್ತಿಲ್ಲ. ಬಸ್ ನಿಲ್ದಾಣ ಸಾರ್ವಜನಿಕ, ರಸ್ತೆ ಸಾರ್ವಜನಿಕ. ಯಾರು ಬೇಕಾದರೂ ಬರಬಹುದು, ಹೋಗಬಹುದು, ಕೇಳುವವರಿಲ್ಲ. ಗೋಮಾಳ ಹಾಗಲ್ಲ ಅಲ್ವಾ? ಅದು ಇಂಥ ಊರಿನ ದನಗಳಿಗೆ ಎಂದು ಬಿಟ್ಟ ಜಾಗ. 1966ರ ಕರ್ನಾಟಕ ಭೂಕಂದಾಯ ನಿಯಮಗಳನ್ನು ನೋಡಿದರೆ, ನೂರು ದನಕ್ಕೆ 12 ಹೆಕ್ಟೇರ್ ಎಂದು ಆ ಹಳ್ಳಿಯ ದನಗಳ ಲೆಕ್ಕದ ಮೇಲೆಯೇ ಗೋಮಾಳ ಬಿಡಬೇಕು ಅಂತಿದೆ. ಜಮೀನು ಸರ್ಕಾರದ್ದೇ ಇರಬಹುದು. ಆದರೆ ಮೇಯಿಸುವವರು ಯಾರು ಅನ್ನುವುದು ಗೊತ್ತಿರುತ್ತದೆ. ‘ಸಾರ್ವಜನಿಕ’ ಅಂದ ಕೂಡಲೇ ಈ ಗೊತ್ತಿರುವ ಅಂಶವೇ ಅಳಿಸಿಹೋಗುತ್ತದೆ.

ಇದು ಸುಮ್ನೆ ಪದದ ಜಗಳ ಅಲ್ಲ. 1968ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಬರೆದ ಪ್ರಸಿದ್ಧ ಲೇಖನದಲ್ಲಿ ಎಲ್ಲರಿಗೂ ತೆರೆದ ಒಂದು ಹುಲ್ಲುಗಾವಲಿದೆ. ಪ್ರತಿಯೊಬ್ಬನೂ ಇನ್ನೊಂದು ದನ, ಮತ್ತೊಂದು ದನ ಎಂದು ಬಿಡುತ್ತಾ ಹೋಗಿ ಕೊನೆಗೆ ಹುಲ್ಲೇ ಇಲ್ಲದಂತಾಗುತ್ತದೆ. ಅದನ್ನು ಅವರು ಕಾಮನ್ಸ್ ಎಂದು ಕರೆದರು. ಎಲಿನಾರ್ ಆಸ್ಟ್ರಮ್, ಅಂದರೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ, ಎತ್ತಿದ ತಕರಾರು ಇಲ್ಲೇ ಇತ್ತು. ಕಟ್ಟುಪಾಡು ಇಲ್ಲದ ಜಾಗ ಬೇರೆ, ಹತ್ತಾರು ಮನೆಯವರು ಕಟ್ಟುಪಾಡು ಮಾಡಿಕೊಂಡು ಬಳಸುವ ಜಾಗ ಬೇರೆ. ಆಕೆ ಕೊಡುವ ಒಂದು ಉದಾಹರಣೆ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿ. ಚಳಿಗಾಲದಲ್ಲಿ ನಿಮ್ಮ ಕೊಟ್ಟಿಗೆಯಲ್ಲಿ ಎಷ್ಟು ಹಸು ಸಾಕಬಲ್ಲಿರೋ ಅಷ್ಟನ್ನೇ ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಬಿಡಬೇಕು ಅನ್ನುವ ನಿಯಮ ಅಲ್ಲಿ 1517ರಿಂದ ಇದೆ. ಆಮೇಲೆ ಹಾರ್ಡಿನ್ ಅವರೇ ತಾವು ಹೇಳಿದ್ದು ನಿರ್ವಹಣೆ ಇಲ್ಲದ ಕಾಮನ್ಸ್ ಬಗ್ಗೆ ಎಂದು ತಿದ್ದಿಕೊಂಡರು. ಈಗ ಹೇಳಿ, ಎರಡಕ್ಕೂ ‘ಸಾರ್ವಜನಿಕ’ ಎಂದೇ ಬರೆದರೆ ಈ ವಾದವನ್ನು ಕನ್ನಡದಲ್ಲಿ ಮಾಡುವುದಾದರೂ ಹೇಗೆ? ತೆರೆದ ಜಾಗಕ್ಕೆ ‘ಹೇಳೋರು ಕೇಳೋರು ಇಲ್ಲದ್ದು’ ಅನ್ನುವ ಮಾತು ಚೆನ್ನಾಗಿ ಒಗ್ಗುತ್ತದೆ. ಉಳಿದಿರುವುದು ಇನ್ನೊಂದರ ಪ್ರಶ್ನೆ.

ನಮ್ಮಲ್ಲಿ ಪದಗಳಿಗೆ ಬರವಿಲ್ಲ, ಜಾಸ್ತಿಯೇ ಇವೆ. ಗೋಮಾಳ, ಉತ್ತರ ಕರ್ನಾಟಕದ ಗಾಯರಾಣ, ಗುಂಡುತೋಪು, ಮಲೆನಾಡಿನ ಕಾನು ಮತ್ತು ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಮತ್ತು ದೇವರಕಾಡು. ತೊಂದರೆ ಏನೆಂದರೆ ಇವು ಒಂದೇ ಜಾತಿಯವಲ್ಲ. ಸೊಪ್ಪಿನ ಬೆಟ್ಟ ಅಡಿಕೆ ತೋಟಕ್ಕೆ ಅಂಟಿಕೊಂಡ ಸವಲತ್ತು, ತೋಟ ಇಲ್ಲದವನಿಗೆ ಅದರಲ್ಲಿ ಪಾಲಿಲ್ಲ. ಕುಮ್ಕಿಯೂ ಹೆಚ್ಚುಕಡಿಮೆ ಹಾಗೆಯೇ, ವರ್ಗ ಜಮೀನಿನಿಂದ, ಅಂದರೆ ಖಾಸಗಿ ಹಿಡುವಳಿಯಿಂದ, ನೂರು ಗಜದೊಳಗಿನ ಸರ್ಕಾರಿ ನೆಲದಲ್ಲಿ ಆ ಜಮೀನಿನವರಿಗೆ ಸೊಪ್ಪು, ಸೌದೆ. ಗೋಮಾಳ ಇಡೀ ಊರಿನ ದನಗಳದ್ದು. ದೇವರಕಾಡಿಗೆ ದೇವರ ಹೆಸರಿನ ಕಟ್ಟುಪಾಡು. ಒಂದೊಂದಕ್ಕೂ ‘ಯಾರಿಗೆ’, ‘ಎಷ್ಟು’ ಅನ್ನುವುದಕ್ಕೆ ಬೇರೆಬೇರೆ ಉತ್ತರ. ಇವೆಲ್ಲದರ ಮೇಲೆ ಹೊದಿಸಬಹುದಾದ ಒಂದು ಪದ ನನಗೆ ಕಾಣುತ್ತಿಲ್ಲ.

‘ಸಾಮಾಯಿಕ’ ಎಂಬುದೊಂದಿದೆ. ಅಣ್ಣತಮ್ಮಂದಿರ ನಡುವಿನ ಸಾಮಾಯಿಕ ಬಾವಿ ಅನ್ನುತ್ತಾರಲ್ಲ, ಅದು. ಪಾಲುದಾರರು ಗೊತ್ತಿರುವವರು ಎಂಬ ಅರ್ಥ ಅದರಲ್ಲಿ ಬರುತ್ತದೆ, ಒಳ್ಳೆಯದೇ. ಆದರೆ ಅದು ಪಹಣಿಯ ಪದ. ಇಂದಲ್ಲ ನಾಳೆ ಹಿಸ್ಸೆ ಮಾಡಿ ಹಂಚಿಕೊಳ್ಳುವ ಆಸ್ತಿಯ ವಾಸನೆ ಹೊಡೆಯುತ್ತದೆ, ಗೋಮಾಳಕ್ಕೆ ಅದೇ ಅಪಾಯ.

ಸರ್ಕಾರಿ ಕನ್ನಡದ ಆಯ್ಕೆ ‘ಸಮುದಾಯ’. ಕಾಡನ್ನು ನಂಬಿ ಬದುಕುವವರ ಹಕ್ಕುಗಳನ್ನು ಗುರುತಿಸುವ 2006ರ ಅರಣ್ಯ ಹಕ್ಕು ಕಾಯ್ದೆಯ ವಿಷಯದಲ್ಲಿ ‘ಸಮುದಾಯ ಅರಣ್ಯ ಸಂಪನ್ಮೂಲ’ ಈಗಾಗಲೇ ರೂಢಿಯಲ್ಲಿದೆ. ಬದಲಾಯಿಸುವುದು ಕಷ್ಟ. ಆದರೆ ಇವತ್ತು ಪೇಪರಿನಲ್ಲಿ, ಟಿವಿಯಲ್ಲಿ ‘ಸಮುದಾಯ’ ಅಂದರೆ ಮರ್ಯಾದೆಗೆ ಹೇಳುವ ಜಾತಿ. ‘ಇದು ಸಮುದಾಯದ ಕಾಡು’ ಎಂದು ಸಭೆಯಲ್ಲಿ ಓದಿ ನೋಡಿ, ‘ಯಾವ ಸಮುದಾಯದ್ದು?’ ಎಂದು ಕೇಳಿಯೇ ಕೇಳುತ್ತಾರೆ. ಅದೂ ಅಲ್ಲದೆ ಕಾಯ್ದೆಯಲ್ಲಿ ಎರಡು ಬೇರೆ ಸಂಗತಿಗಳಿವೆ. ಒಂದು, ಕಾಡಿನಿಂದ ಜೇನು, ಸೀಗೆ, ಸೌದೆ ತರುವಂಥ ಬಳಕೆಯ ಹಕ್ಕು. ಇನ್ನೊಂದು, ಸಾಂಪ್ರದಾಯಿಕ ಗಡಿಯೊಳಗಿನ ಕಾಡನ್ನು ರಕ್ಷಿಸುವ, ಮತ್ತೆ ಬೆಳೆಸುವ, ನಿರ್ವಹಿಸುವ ಹಕ್ಕು. ಎರಡನ್ನೂ ‘ಸಮುದಾಯ ಹಕ್ಕು’ ಎಂದು ಒಂದೇ ಗಂಟಿಗೆ ಕಟ್ಟಿಬಿಟ್ಟರೆ, ಸೌದೆ ತರುವ ಹಕ್ಕಿನ ಪತ್ರ ಕೈಗೆ ಬಂದ ದಿನ ಇಡೀ ಕಾಡಿನ ಉಸ್ತುವಾರಿಯೇ ಸಿಕ್ಕಿತು ಎಂದು ಊರಿನವರು ಅಂದುಕೊಳ್ಳಬಹುದು.

‘ನಿರ್ವಹಣೆ’ ಪದದ ಮೇಲೂ ನನಗೆ ಗುಮಾನಿ ಇದೆ. ಅರಣ್ಯ ಇಲಾಖೆಯೂ ಊರಿನವರೂ ಸೇರಿ ಕಾಡು ನೋಡಿಕೊಳ್ಳಲೆಂದು ಮಾಡಿದ ಗ್ರಾಮ ಅರಣ್ಯ ಸಮಿತಿಗಳ ಕಾಲದಲ್ಲಿ ‘ಜಂಟಿ ನಿರ್ವಹಣೆ’ ಅಂದರೆ ಇಲಾಖೆ ತೀರ್ಮಾನಿಸುವುದು, ಊರಿನವರು ಕಾಯುವುದು ಎಂದು ಎಷ್ಟೋ ಕಡೆ ಆಗಿತ್ತು. ಸಮಿತಿಯ ಸದಸ್ಯ ಕಾರ್ಯದರ್ಶಿ ಅರಣ್ಯ ಇಲಾಖೆಯವರೇ. ಹಾಗಾಗಿ ‘ಉಸ್ತುವಾರಿ’ ಎಂದೇ ಹಾಕುತ್ತಿದ್ದೇನೆ, ಯಾರಿಗಾದರೂ ಆಕ್ಷೇಪ ಇದ್ದರೆ ಹೇಳಿ.

ಸದ್ಯಕ್ಕೆ ನನ್ನ ಒಲವು ‘ಊರೊಟ್ಟು’ ಕಡೆಗೆ. ಊರೊಟ್ಟಿನ ಕೆಲಸ ಅನ್ನುವ ಬಳಕೆ ಇದ್ದೇ ಇದೆ, ಊರೊಟ್ಟಿನ ಕೆರೆ, ಊರೊಟ್ಟಿನ ಕಾಡು ಅಂದರೆ ವಿವರಿಸಬೇಕಾಗಿಲ್ಲ. ಅದರೊಳಗೆ ಊರೂ ಇದೆ, ಕಟ್ಟುಪಾಡೂ ಇದೆ. ಆದರೆ ಒಂದು ತೊಡಕು. ಕುರಿ ಹೊಡೆದುಕೊಂಡು ವರ್ಷಕ್ಕೊಮ್ಮೆ ಬರುವ ಸಂಚಾರಿ ಕುರಿಗಾಹಿಗಳಿಗೂ ಆ ಹುಲ್ಲಿನಲ್ಲಿ ಹಕ್ಕಿದೆ. ಪಶುಪಾಲಕರ ಋತುಮಾನದ ಬಳಕೆಯನ್ನು ಅರಣ್ಯ ಹಕ್ಕು ಕಾಯ್ದೆಯ ವ್ಯಾಖ್ಯೆಯೇ ಒಳಗೆ ಸೇರಿಸಿಕೊಂಡಿದೆ. ‘ಊರೊಟ್ಟು’ ಅಂದರೆ ಅವರು ಹೊರಗಿನವರಾಗುತ್ತಾರೆ. ಎರಡು ಮೂರು ಹಳ್ಳಿ ಸೇರಿ ಬಳಸುವ ಕಾಡಿಗೂ ಇದೇ ಪೇಚು.

ಹಾಗಾಗಿ ಎರಡು ಪ್ರಶ್ನೆ. ‘ಊರೊಟ್ಟು’ ನಿಮ್ಮ ಕಡೆ ಜಮೀನು, ನೀರಿನ ವಿಷಯದಲ್ಲೂ ಬಳಕೆಯಲ್ಲಿದೆಯಾ, ಇಲ್ಲ ಜಾತ್ರೆ, ಹಬ್ಬಕ್ಕೆ ಮಾತ್ರವಾ? ಮತ್ತೆ, ಕುರಿಗಾಹಿಗಳು ತಾವು ಬಂದು ಹೋಗುವ ಹುಲ್ಲುಗಾವಲಿಗೆ ತಮ್ಮ ಮಾತಿನಲ್ಲಿ ಏನನ್ನುತ್ತಾರೆ? ನಿಘಂಟಿನ ಅರ್ಥ ಬೇಡ, ಕಿವಿಯಾರೆ ಕೇಳಿದ್ದಿದ್ದರೆ ಬರೆಯಿರಿ.