ದವಡೆ ಆಪರೇಶನ್: ಗರಗಸದ ಬದಲು ಲೇಸರ್ ಆದರೆ ಮೂಳೆ ಬೇಗ ಕೂಡುತ್ತದಾ?

ಮಲೆನಾಡ_ಮಳೆ:
ತಂಗಿಯ ಕೆಳದವಡೆ ಸ್ವಲ್ಪ ಮುಂದಿದೆ. ಹಲ್ಲಿಗೆ ತಂತಿ ಹಾಕಿಸಿ ಎರಡು ವರ್ಷವಾಯಿತು, ಈಗ ದವಡೆ ಕತ್ತರಿಸಿ ಹಿಂದಕ್ಕೆ ಕೂರಿಸಬೇಕು ಅಂದಿದ್ದಾರೆ. ಗರಗಸ ಅಂದಿದ್ದೇ ತಡ, ಅಮ್ಮನಿಗೆ ನಿದ್ದೆ ಇಲ್ಲ. ಲೇಸರಿನಲ್ಲಿ ಕತ್ತರಿಸಿದರೆ ಮೂಳೆ ಬೇಗ ಕೂಡುತ್ತದೆ ಅಂತ ಒಂದು ಕಡೆ ಓದಿದೆ, ಇನ್ನೊಂದು ಕಡೆ ಲೇಸರ್ ಮೂಳೆಯನ್ನೇ ಸುಡುತ್ತದೆ ಅಂತಿತ್ತು. ಯಾವುದನ್ನು ನಂಬೋದು?

ಹಲ್ಲುಕಿರಿ:
ಎರಡೂ ನಿಜ, ಲೇಸರ್ ಯಾವುದು ಅಂತ ನೋಡಬೇಕು ಅಷ್ಟೇ. ಹಳೆಯ ಕಾರ್ಬನ್ ಡೈಆಕ್ಸೈಡ್ ಲೇಸರಿನಲ್ಲಿ (ತರಂಗಾಂತರ 10.6 ಮೈಕ್ರಾನ್) ಅಂಚು ಕರಕಲಾಗುತ್ತಿತ್ತು. ಆ ಕರಕಲನ್ನು ಮೈ ಮೊದಲು ಕರಗಿಸಬೇಕು, ಆಮೇಲೆ ತಾನೇ ಹೊಸ ಮೂಳೆ? ಅದಕ್ಕೇ ತಡ. ಎರ್ಬಿಯಂ ಯಾಗ್ ಅನ್ನುವ ಲೇಸರ್ ಬೇರೆ. ಅದರ 2.94 ಮೈಕ್ರಾನ್ ಬೆಳಕನ್ನು ನೀರು ಸಿಕ್ಕಾಪಟ್ಟೆ ಹೀರುತ್ತದೆ, ಹಾಗಾಗಿ ಮೂಳೆಯೊಳಗಿನ ನೀರು ತಟ್ಟನೆ ಆವಿಯಾಗಿ, ಬಾಣಲೆಯಲ್ಲಿ ಅರಳು ಸಿಡಿದ ಹಾಗೆ ಮೂಳೆ ಚೂರು ಚೂರೇ ಸಿಡಿದು ಹೋಗುತ್ತದೆ, ಬಿಸಿ ಒಳಗೆ ಇಳಿಯೋಕೆ ಪುರುಸೊತ್ತೇ ಇರುವುದಿಲ್ಲ. ಮೇಲಿಂದ ನೀರು ಸಿಂಪಡಿಸುತ್ತಲೂ ಇರುತ್ತಾರೆ.

ಗರಗಸವೇನು ತಣ್ಣಗಿರುತ್ತದಾ? ಉಜ್ಜಿದರೆ ಬಿಸಿಯೇ. 1983ರಲ್ಲಿ ಎರಿಕ್ಸನ್, ಆಲ್ಬ್ರೆಕ್ಟ್ಸನ್ ಅನ್ನುವವರು ಮೊಲದ ಮೂಳೆಯಲ್ಲಿ ನೋಡಿದ ಪ್ರಕಾರ 47 ಡಿಗ್ರಿ ಒಂದು ನಿಮಿಷ ತಾಗಿದರೂ ಪೆಟ್ಟೇ. ಸಲೈನ್ ಸುರಿಯುತ್ತಾ ಕೊಯ್ಯೋದು ಅದಕ್ಕೇ. ಇನ್ನೊಂದು, ಗರಗಸದ ಪುಡಿ ಮೂಳೆಯ ಸಣ್ಣ ರಂಧ್ರಗಳಿಗೆ ಮೆತ್ತಿಕೊಳ್ಳುತ್ತದೆ. ಎರ್ಬಿಯಂ ಆದರೆ ರಂಧ್ರ ತೆರೆದೇ ಇರುತ್ತದೆ, ರಕ್ತ ಸಲೀಸಾಗಿ ಬರುತ್ತದೆ.

ಉಳಿಪೆಟ್ಟು:
ಪುಸ್ತಕದ ಮಾತು ಸರಿ, ಆದರೆ ಲೇಸರ್ ನಿಧಾನ, ಎಷ್ಟು ಆಳಕ್ಕೆ ಇಳಿದೆವು ಅಂತ ಕೈಗೆ ಗೊತ್ತಾಗುವುದಿಲ್ಲ. ಕೆಳದವಡೆಯೊಳಗೆ ತುಟಿಗೆ ಹೋಗುವ ನರ ಇದೆ, ಹುಷಾರಾಗಿರಬೇಕು. ಅದಕ್ಕೇ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನವರು ಎರ್ಬಿಯಂ ಲೇಸರನ್ನು ರೋಬೋ ಕೈಗೆ ಕೊಟ್ಟು ಕಾರ್ಲೊ ಅಂತ ಯಂತ್ರ ಮಾಡಿದ್ದು. ನಿಮ್ಮ ತಂಗಿಯ ಆಪರೇಶನ್‌ನಲ್ಲಿ ಗರಗಸ ಸಾಮಾನ್ಯವಾಗಿ ಮೂಳೆಯ ಹೊರಗಿನ ಗಟ್ಟಿ ಪದರಕ್ಕೆ ಮಾತ್ರ, ಉಳಿದದ್ದನ್ನು ಉಳಿ ಇಟ್ಟು ಮೆಲ್ಲಗೆ ಸೀಳುತ್ತಾರೆ. ಗರಗಸವೇ ಬೇಡ ಅಂದರೆ ಪೀಜೊ ಇದೆಯಾ ಕೇಳಿ. ಅಲ್ಟ್ರಾಸೌಂಡ್ ನಡುಕದಲ್ಲಿ ಕೊಯ್ಯೋದು, ಮೂಳೆ ಕೊಯ್ಯುತ್ತದೆ, ಮೆತ್ತಗಿನ ನರಕ್ಕೆ ಅಪಾಯ ಕಡಿಮೆ. ಅದೂ ನಿಧಾನವೇ.

ನಿಜ ಹೇಳಬೇಕೆಂದರೆ ಪ್ಲೇಟು, ಸ್ಕ್ರೂ ಅಲ್ಲಾಡದಿದ್ದರೆ ಗರಗಸದಲ್ಲಿ ಕೊಯ್ದದ್ದೂ ಚೆನ್ನಾಗಿ ಕೂಡುತ್ತದೆ. ಅಲ್ಲಾಡಿದರೆ ಯಾವ ಲೇಸರೂ ಕಾಪಾಡಲ್ಲ.

ಗಂಜಿಪ್ರಿಯ:
ನನಗೆ ಗರಗಸದಲ್ಲೇ ಮಾಡಿದ್ದು. ಮೂಳೆ ಕೂಡಿತು, ಆದರೆ ಕೆಳತುಟಿಯ ಜೋಮು ಹೋಗೋಕೆ ತಿಂಗಳುಗಳೇ ಬೇಕಾದವು. ಅದನ್ನು ಮೊದಲೇ ಕೇಳಿಕೊಳ್ಳಿ. ಒಂದೂವರೆ ತಿಂಗಳು ರಾಗಿ ಗಂಜಿ, ಮೆತ್ತಗಿನ ಅನ್ನ. ಚಕ್ಲಿ ಡಬ್ಬಿ ಬಚ್ಚಿಡಿ.

ಮಲೆನಾಡ_ಮಳೆ:
ಥ್ಯಾಂಕ್ಸ್ ಎಲ್ಲರಿಗೂ. ಸೋಮವಾರ ಹೋದಾಗ ಪೀಜೊ, ತುಟಿಯ ಜೋಮು ಎರಡನ್ನೂ ಕೇಳುತ್ತೇನೆ. ಉಳಿ ವಿಷಯ ಮಾತ್ರ ಅಮ್ಮನ ಹತ್ತಿರ ಹೇಳಲ್ಲ ಮಾರಾಯ್ರೆ.