ಅಪ್ಪನ ಕಿವಿಯನ್ನು ಮೊಬೈಲ್ ಆಪ್‌ನಲ್ಲಿ ಪರೀಕ್ಷಿಸಿದೆ. ಎರಡು ಆಪ್, ಎರಡು ಉತ್ತರ. ಯಾವುದನ್ನು ನಂಬಲಿ?

ಬನಹಟ್ಟಿ ಮಗ್ಗದ ಮನೆ:
ನಮಸ್ಕಾರ ರೀ. ಅಪ್ಪನಿಗೆ ಈಗ 61. ಚಿಕ್ಕಂದಿನಿಂದ ಪವರ್‌ಲೂಮ್ ಶೆಡ್ಡಿನಲ್ಲೇ ದುಡಿದವರು. ಈಗೀಗ ಟಿವಿ ಸದ್ದು ಓಣಿಗೆಲ್ಲ ಕೇಳುತ್ತೆ. ನನ್ನ ಲೋಟಕ್ಕೆ ಮಜ್ಜಿಗೆ ಹಾಕುವಾಗ ನಾನು "ಸಾಕು" ಅಂದರೆ "ಹಾಕು" ಅಂತ ತಿಳಿದು ಮತ್ತೆ ಸುರಿಯುತ್ತಾರೆ. ಕೇಳಿದರೆ, "ನನ್ನ ಕಿವಿಗೇನೂ ಆಗಿಲ್ಲ, ನೀವ ಗುಣುಗುಣು ಮಾತಾಡ್ತೀರಿ" ಅಂತಾರೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬಿಟ್ಟ ಹಿಯರ್‌ಡಬ್ಲ್ಯೂಎಚ್‌ಒ ಆಪ್ ಹಾಕಿ ನೋಡಿದೆ. ಗದ್ದಲದ ನಡುವೆ ಮೂರು ಮೂರು ಅಂಕಿ ಹೇಳುತ್ತೆ, ಕೇಳಿದ್ದನ್ನು ಒತ್ತಬೇಕು. ನಾವು ಇಂಗ್ಲಿಷ್ ಅಂಕಿಗಳಲ್ಲಿ ಮಾಡಿದ್ವಿ. ಅಪ್ಪನಿಗೆ 100ಕ್ಕೆ 41 ಬಂತು. ಆಮೇಲೆ ಬೀಪ್ ಸದ್ದು ಕೇಳಿಸುವ ಇನ್ನೊಂದು ಆಪ್ ಹಾಕಿದೆ. ಅದು "ನಾರ್ಮಲ್" ಅಂತ ತೋರಿಸಿತು! ಇಯರ್‌ಫೋನ್ ಸಂತೆಯಲ್ಲಿ ತಂದ ಅಗ್ಗದ್ದು. ಬೆಳಗಾವಿಗೆ ಹೋಗಿ ಬರೋದು ಅಂದರೆ ಒಂದು ದಿನದ ಮಗ್ಗ ನಿಲ್ಲುತ್ತೆ. ಅದಕ್ಕೆ ಕೇಳ್ತಿದ್ದೇನೆ, ಸುಮ್ನೆ ಗಾಬರಿ ಆಗ್ತಿದ್ದೀನಾ?

ಕಿವಿ ಪರೀಕ್ಷೆ ಮಾಡುವವಳು, ಬೆಳಗಾವಿ:
ಗಾಬರಿ ಬೇಡ. ಆದರೆ ಆ 41 ಅನ್ನು ಪಕ್ಕಕ್ಕೆ ಇಡಬೇಡಿ. ಆ ಆಪ್‌ನಲ್ಲಿ 50ಕ್ಕಿಂತ ಕಡಿಮೆ ಬಂದರೆ ತಪಾಸಣೆ ಮಾಡಿಸಬೇಕು ಅಂತಲೇ ಅರ್ಥ.

ಎರಡೂ ಆಪ್ ಅಳೆಯೋದು ಬೇರೆ ಬೇರೆ. ಬೀಪ್ ಪರೀಕ್ಷೆಗೆ ಸದ್ದು ಎಷ್ಟು ಡೆಸಿಬಲ್ ಅನ್ನೋದು ಸರಿಯಾಗಿ ಗೊತ್ತಿರಬೇಕು. ನಮ್ಮಲ್ಲಿ ಕಿವಿ ಪರೀಕ್ಷಿಸುವ ಆಡಿಯೋಮೀಟರ್ ಯಂತ್ರಕ್ಕೂ ಅದರ ಹೆಡ್‌ಫೋನ್‌ಗೂ ಹೊಂದಿಸಿ ಅಳತೆ ಮಾಡಿರುತ್ತಾರೆ, ಸದ್ದು ನುಗ್ಗದ ಕೋಣೆಯಲ್ಲಿ ಕೂರಿಸುತ್ತೇವೆ. ನಿಮ್ಮ ಇಯರ್‌ಫೋನ್ ಎಷ್ಟು ಜೋರಾಗಿ ಬೀಪ್ ಕೊಟ್ಟಿತೋ ಆ ಆಪ್‌ಗೆ ಗೊತ್ತಾಗುವ ದಾರಿ ಇಲ್ಲ. ಅಂಕಿ ಪರೀಕ್ಷೆಯಲ್ಲಿ ಹಾಗಲ್ಲ. ಮಾತೂ ಗದ್ದಲವೂ ಒಂದೇ ಇಯರ್‌ಫೋನಿನಿಂದ ಬರುತ್ತವೆ. ಗದ್ದಲಕ್ಕಿಂತ ಮಾತು ಎಷ್ಟು ಮೇಲಿದ್ದರೆ ತಿಳಿಯುತ್ತೆ ಅನ್ನೋದನ್ನಷ್ಟೇ ನೋಡುತ್ತೆ. ಹಾಗಾಗಿ ಇಯರ್‌ಫೋನ್ ಅಗ್ಗದ್ದಾದರೂ ಅಷ್ಟು ಕೆಡಲ್ಲ.

ಇಂಗ್ಲಿಷ್ ಅಂಕಿ ರೂಢಿ ಇಲ್ಲದವರಿಗೆ ಅಂಕ ಸ್ವಲ್ಪ ತಗ್ಗೋದು ನಿಜ. ಗದ್ದಲ ಇಲ್ಲದೆ ಒಂದರಿಂದ ಒಂಬತ್ತು ಇಂಗ್ಲಿಷ್‌ನಲ್ಲಿ ನೀವು ಹೇಳಿ, ತಡವರಿಸದೆ ಗುರುತಿಸುತ್ತಾರಾ ನೋಡಿ. ಆಮೇಲೆ ಶೆಡ್ಡಿನಿಂದ ದೂರ ಕೂತು ಇನ್ನೊಮ್ಮೆ ಮಾಡಿಸಿ.

ನನಗೆ ಆ 41ಕ್ಕಿಂತ ಜಾಸ್ತಿ ಚಿಂತೆ ಮಜ್ಜಿಗೆಯದ್ದು. ಗದ್ದಲದಲ್ಲಿ ದುಡಿದವರ ಕಿವಿ ಮೊದಲು ಸೋಲೋದು 4000 ಹರ್ಟ್ಸ್ ಆಸುಪಾಸಿನ ಕೀರಲು ಸದ್ದಿಗೆ. ಸ, ಶ ತರಹದ ಅಕ್ಷರ ಜಾರುತ್ತವೆ, ಸ್ವರಗಳು ಉಳಿಯುತ್ತವೆ. ಅದಕ್ಕೇ ಅವರಿಗೆ ನೀವು ಮಾತಾಡೋದು ಕೇಳುತ್ತೆ, ಆದರೆ ಬಿಡಿಸಿ ತಿಳಿಯಲ್ಲ. "ಗುಣುಗುಣು" ಅಂತ ಅವರು ಹೇಳೋದು ಸುಳ್ಳಲ್ಲ ರೀ, ಅವರಿಗೆ ಹಾಗೇ ಕೇಳ್ತಿದೆ. ಜಗಳ ಮಾಡಬೇಡಿ. ಎದುರು ಕೂತು, ಮುಖ ಕಾಣುವಂತೆ, ನಿಧಾನಕ್ಕೆ ಮಾತಾಡಿ.

ವಿಜಯಪುರದಿಂದ:
ನಮ್ಮ ಅವ್ವಂದು ಉಲ್ಟಾ. ಆಪ್‌ನಲ್ಲಿ ಒಳ್ಳೆ ಅಂಕ ಬಂತು, ನಾವು ನಿರಾಳ ಆದ್ವಿ. ಆದರೆ ಫೋನನ್ನು ಎಡಗಿವಿಗೆ ಹಿಡಿದರೆ "ಹಲೋ, ಹಲೋ" ಅಂತಲೇ ಇರುತ್ತಿದ್ದರು. ಡಾಕ್ಟರು ನೋಡಿದರೆ ಎಡಗಿವಿ ತುಂಬ ಗುಗ್ಗೆ!

ಕಿವಿ ಪರೀಕ್ಷೆ ಮಾಡುವವಳು, ಬೆಳಗಾವಿ:
ಇದು ಎಲ್ಲರಿಗೂ ಗೊತ್ತಿರಲಿ. ಎರಡೂ ಕಿವಿಗೆ ಒಂದೇ ಸದ್ದು ಕೊಡುವ ಆಪ್‌ನಲ್ಲಿ ಚೆನ್ನಾಗಿರುವ ಕಿವಿಯೇ ಉತ್ತರ ಕೊಟ್ಟುಬಿಡುತ್ತೆ. ಗುಗ್ಗೆ ಇದ್ದರೂ ಸದ್ದು ಜೋರು ಮಾಡಿಕೊಂಡರೆ ಪಾಸಾಗಬಹುದು. ಗುಗ್ಗೆಯೋ, ತಮಟೆ ತೂತಾಗಿದೆಯೋ, ನರದ ತೊಂದರೆಯೋ ಅಂತ ಆಪ್ ಹೇಳಲ್ಲ. ಯಾರಾದರೂ ಬೆಳಕು ಹಾಕಿ ಕಿವಿಯೊಳಗೆ ನೋಡಲೇಬೇಕು.

ಇನ್ನೊಂದು. ಒಂದು ಕಿವಿ ಇದ್ದಕ್ಕಿದ್ದ ಹಾಗೆ, ಎರಡು ಮೂರು ದಿನದೊಳಗೆ ಮಂಕಾದರೆ ಆಪ್ ಹುಡುಕುತ್ತಾ ಕೂರಬೇಡಿ. ಅದು ತುರ್ತು. ಬೇಗ ಚಿಕಿತ್ಸೆ ಸಿಕ್ಕರೆ ಕಿವಿ ಉಳಿಯುವ ಅವಕಾಶ ಹೆಚ್ಚು.

ಬನಹಟ್ಟಿ ಮಗ್ಗದ ಮನೆ:
ಅಕ್ಕಾ, ಅಂಗಳದಲ್ಲಿ ಕೂರಿಸಿ ಮತ್ತೆ ಮಾಡಿಸಿದೆ. ಅಂಕಿ ಎಲ್ಲ ಗುರುತಿಸಿದರು, ಆದರೂ 50 ದಾಟಲಿಲ್ಲ. ಸ ಅಕ್ಷರದ ವಿಷಯ ಹೇಳಿದೆ. ಅಪ್ಪ ಸುಮ್ಮನೆ ಕೇಳಿ, "ಹಂಗಂದ್ರ ನಡಿ, ತೋರಿಸೋಣು" ಅಂದರು. ಕಿವಿಗೆ ಮಷೀನು ಹಾಕಬೇಕು ಅಂದರೆ ದುಡ್ಡಿನ ಚಿಂತೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವುದು ನಡೆಯುತ್ತಾ?

ಕಿವಿ ಪರೀಕ್ಷೆ ಮಾಡುವವಳು, ಬೆಳಗಾವಿ:
ಬೇಡ. ಅವುಗಳಲ್ಲಿ ಹೆಚ್ಚಿನವು ಎಲ್ಲ ಸದ್ದನ್ನೂ ಒಟ್ಟಿಗೆ ಜೋರು ಮಾಡುತ್ತವೆ, ಮಗ್ಗದ ಸದ್ದನ್ನೂ. ಮೊದಲು ಆಡಿಯೋಗ್ರಾಮ್ ಆಗಲಿ, ಅಂದರೆ ಯಾವ ಸದ್ದು ಎಷ್ಟು ಕೇಳುತ್ತೆ ಅಂತ ತೋರಿಸುವ ನಕ್ಷೆ. ಅದಕ್ಕೆ ಜಿಲ್ಲಾಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೇ ಹೋಗಬಹುದು. ಅಪ್ಪನಿಗೆ 60 ದಾಟಿದೆ, ಹಾಗಾಗಿ ರಾಷ್ಟ್ರೀಯ ವಯೋಶ್ರೀ ಯೋಜನೆ ಬಗ್ಗೆ ಕೇಳಿ. ಬಿಪಿಎಲ್ ಕಾರ್ಡ್ ಇದ್ದವರಿಗೆ, ಇಲ್ಲವೇ ತಿಂಗಳ ಆದಾಯ 15,000 ರೂಪಾಯಿ ದಾಟದವರಿಗೆ ಅದರಲ್ಲಿ ಶ್ರವಣ ಸಾಧನ ಉಚಿತ.

ನಿಮ್ಮ ಮನೆಯಲ್ಲಿ ಈಗ ಮಗ್ಗ ನಡೆಸುತ್ತಿರುವವರು ಯಾರು? ಅವರಿಗೂ ಇದೇ ಪರೀಕ್ಷೆ ಮಾಡಿಸಿ. ವಾರಕ್ಕೆ 40 ಗಂಟೆ ಗದ್ದಲದಲ್ಲಿ ಇರೋರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸುರಕ್ಷಿತ ಮಿತಿ 80 ಡೆಸಿಬಲ್, ಪವರ್‌ಲೂಮ್ ಶೆಡ್ಡು ಸಾಮಾನ್ಯವಾಗಿ 90 ದಾಟುತ್ತೆ. ಒಳಗಿವಿಯ ಸೂಕ್ಷ್ಮ ಕೂದಲ ಕೋಶಗಳು ಸತ್ತರೆ ಮತ್ತೆ ಹುಟ್ಟಲ್ಲ. ಫೋಮ್ ಇಯರ್‌ಪ್ಲಗ್ ಔಷಧಿ ಅಂಗಡಿಯಲ್ಲೇ ಕೇಳಿ. ಮೊದಲು ಪ್ಲಗ್ಗನ್ನು ಹೊಸೆದು, ಕಿವಿಯ ಮೇಲ್ಭಾಗವನ್ನು ಇನ್ನೊಂದು ಕೈಯಿಂದ ಮೇಲಕ್ಕೆಳೆದು, ಪ್ಲಗ್ಗನ್ನು ಒಳಗೆ ಹಾಕಿ, ಉಬ್ಬುವ ತನಕ ಒತ್ತಿ ಹಿಡಿಯಬೇಕು.